ಇಲ್ಲದ ಬೀದಿಯ ನಕ್ಷೆ ಬರೆಯುವುದು ಹೇಗೆ

ಕೆಡವಿದ ಕಟ್ಟಡ, ಅಗಲವಾದ ರಸ್ತೆ, ಹೆಸರು ಬದಲಾದ ಚೌಕ ಇವುಗಳ ಬಗ್ಗೆ ಹಿರಿಯರನ್ನು ಮಾತಾಡಿಸಲು ಹೊರಟವರು ಮೊದಲು ಕೇಳುವುದು ‘ಅದು ಯಾವ ಇಸವಿ?’ ಎಂದು. ನೆನಪು ಎಡವುವುದೇ ಅಲ್ಲಿ. ಇಸವಿ, ಅಳತೆ, ದೂರ ಇವು ತಲೆಯಲ್ಲಿ ಉಳಿಯುವುದು ಕಡಿಮೆ. ಯಾವುದರ ಪಕ್ಕ ಯಾವುದಿತ್ತು, ಯಾವುದು ಹೋಗಿ ಯಾವುದು ಬಂತು, ಎಷ್ಟು ಮೆಟ್ಟಿಲು ಹತ್ತಬೇಕಿತ್ತು, ಮಳೆ ಬಂದರೆ ಎಲ್ಲಿ ನಿಲ್ಲುತ್ತಿದ್ದರು ಎಂಬುದು ಐವತ್ತು ವರ್ಷವಾದರೂ ಮಾಸುವುದಿಲ್ಲ. ಹಾಗಾಗಿ ಕೆಲಸವನ್ನು ಮೊದಲೇ ಎರಡು ಪಾಲು ಮಾಡಿಕೊಳ್ಳಿ: ಅಕ್ಕಪಕ್ಕ, ಹಿಂದುಮುಂದು ಎಲ್ಲ ನೆನಪಿನಿಂದ, ಇಸವಿ, ಅಳತೆ ಎಲ್ಲ ಕಾಗದದಿಂದ. ಮುಂದಿನದೆಲ್ಲ ಇದರ ವಿವರ.

ಒಂದು ಬೀದಿ, ಒಂದು ಕಾಲ

ಇಡೀ ನಗರವನ್ನು ಹಿಡಿಯಲು ಹೋದವರು ಅರ್ಧಕ್ಕೇ ಕೈಬಿಡುತ್ತಾರೆ. ಇನ್ನೂರು ಮೀಟರ್ ಉದ್ದದ ಒಂದು ಬೀದಿ ಸಾಕು. ಈಗಿನ ನಕ್ಷೆಯನ್ನು 1:500 ಪ್ರಮಾಣದಲ್ಲಿ ಎ3 ಹಾಳೆಗೆ ಮುದ್ರಿಸಿದರೆ 42 ಸೆಂಟಿಮೀಟರಿನಲ್ಲಿ 210 ಮೀಟರ್ ಬೀದಿ ಕೂರುತ್ತದೆ. ಐದು ಮೀಟರ್ ಅಗಲದ ಅಂಗಡಿಗೆ ಒಂದು ಸೆಂಟಿಮೀಟರ್ ಸಿಗುತ್ತದೆ, ಅದರೊಳಗೆ ಪೆನ್ಸಿಲಿನಲ್ಲಿ ಹೆಸರು ಬರೆಯಬಹುದು. 1:1000ಕ್ಕೆ ಇಳಿಸಿದರೆ ಬರೆಯಲು ಜಾಗವೇ ಇರುವುದಿಲ್ಲ. ಮುದ್ರಿಸುವಾಗ ‘ಪುಟಕ್ಕೆ ಹೊಂದಿಸು’ ಆಯ್ಕೆಯನ್ನು ತೆಗೆದುಹಾಕಿ, ಅದು ಸದ್ದಿಲ್ಲದೆ ಪ್ರಮಾಣವನ್ನು ಕೆಡಿಸುತ್ತದೆ. ನಕ್ಷೆಯಲ್ಲಿ 50 ಮೀಟರಿನ ಅಳತೆಪಟ್ಟಿ ಹಾಕಿ, ಮುದ್ರಣ ಬಂದ ಮೇಲೆ ಸ್ಕೇಲ್ ಇಟ್ಟು ನೋಡಿ. ಸರಿಯಾಗಿ 10 ಸೆಂಟಿಮೀಟರ್ ಇರಬೇಕು.

ಈ ಮೂಲ ಹಾಳೆಯಲ್ಲಿ ಈಗಿನ ಹೊಸ ಕಟ್ಟಡಗಳ ಗೆರೆ ಬೇಡ. ಅವಿದ್ದರೆ ನೆನಪಿಸಿಕೊಳ್ಳುವವರು ಹಳೇ ಮನೆಯನ್ನು ಹೊಸ ಕಟ್ಟಡದ ಅಗಲಕ್ಕೇ ಹಿಗ್ಗಿಸಿ ಕೂರಿಸುತ್ತಾರೆ. ಅಂದೂ ಇದ್ದು ಇಂದೂ ಇರುವ ಸೇತುವೆ, ಪೂಜಾಸ್ಥಳ, ರೈಲು ಹಳಿ, ಹಳೇ ಶಾಲೆಯಂಥ ಮೂರ್ನಾಲ್ಕು ಗುರುತು ಮಾತ್ರ ಇರಲಿ.

ಯಾವ ಕಾಲ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ಮನುಷ್ಯರಿಗೆ ಹತ್ತರಿಂದ ಮೂವತ್ತು ವಯಸ್ಸಿನ ನಡುವಿನದು ಬದುಕಿನ ಬೇರೆಲ್ಲ ಭಾಗಕ್ಕಿಂತ ದಟ್ಟವಾಗಿ ನೆನಪಿರುತ್ತದೆ. ಮನಃಶಾಸ್ತ್ರಜ್ಞರು ಮತ್ತೆಮತ್ತೆ ಕಂಡುಕೊಂಡ ಸಂಗತಿಯಿದು. ಈಗ ಎಂಬತ್ತರ ಹೊಸ್ತಿಲಲ್ಲಿರುವವರಿಗೆ ಅದು ಸುಮಾರು 1955ರಿಂದ 1975. ಅವರನ್ನು 1990ರ ದಶಕದ ಬೀದಿಯ ಬಗ್ಗೆ ಕೇಳಿದರೆ ಉತ್ತರ ಬರುತ್ತದೆ, ಆದರೆ ತೆಳ್ಳಗೆ. ಅದಕ್ಕೆ ಐವತ್ತರ ಆಸುಪಾಸಿನವರು ಬೇಕು.

ಮಾತಾಡಿಸುವಾಗ

ಹೆಚ್ಚು ಕೆಡುವ ಹಂತ ಇದೇ, ಕೆಡಿಸುವವರು ಕೇಳುವವರೇ. ದೊಡ್ಡ ತಪ್ಪು ಎಂದರೆ ಫೋಟೊವನ್ನು ಮೊದಲು ತೋರಿಸುವುದು. ಫೋಟೊ ಕಂಡ ಕ್ಷಣದಿಂದ ಎದುರಿನವರು ಫೋಟೊದಲ್ಲಿರುವುದನ್ನೇ ಹೇಳುತ್ತಾರೆ. ಅದರ ಚೌಕಟ್ಟಿನ ಹೊರಗೆ ಎರಡಡಿ ಆಚೆಗಿದ್ದ ಅಂಗಡಿ ಮತ್ತೆ ಬಾಯಿಗೆ ಬರುವುದಿಲ್ಲ. ಫೋನುಗಳಲ್ಲಿ ಹರಿದಾಡಿದ ಹಳೇ ಚಿತ್ರಗಳೂ ಇದೇ ಕೆಲಸ ಮಾಡಿರುತ್ತವೆ. ಹಾಗಾಗಿ ‘ಈ ಜಾಗದ ಹಳೇ ಫೋಟೊ ಎಲ್ಲಾದ್ರೂ ನೋಡಿದ್ರಾ?’ ಎಂದು ಕೇಳಿ ಉತ್ತರವನ್ನು ಬರೆದಿಟ್ಟುಕೊಳ್ಳಿ. ನಾಲ್ಕು ಜನ ಒಂದೇ ವಿವರ ಹೇಳಿದರೂ ನಾಲ್ವರೂ ಒಂದೇ ಫೋಟೊ ನೋಡಿದ್ದರೆ ಅದು ಒಂದೇ ಸಾಕ್ಷಿ.

ಸರಿಯಾದ ಸರದಿ ಹೀಗೆ. ಮೊದಲು ಏನೂ ತೋರಿಸದೆ ಬರೀ ಮಾತು, ಬೀದಿಯ ಒಂದು ತುದಿಯಿಂದ ನಡೆಸಿಕೊಂಡು ಬರುವುದು: ‘ಆ ಮೂಲೇಲಿ ತಿರುಗಿ ನಡ್ಕೊಂಡು ಬರ್ತಿದ್ರೆ ಮೊದಲು ಏನು ಸಿಗ್ತಿತ್ತು? ಅದಾದ ಮೇಲೆ?’ ನಡುವೆ ಬಾಯಿ ಹಾಕಬೇಡಿ, ತಪ್ಪು ಕಂಡರೂ ತಿದ್ದಬೇಡಿ. ಆಮೇಲೆ ಮೂಲ ಹಾಳೆಯ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ ಅವರ ಕೈಗೇ ಪೆನ್ಸಿಲ್ ಕೊಡಿ. ಒಬ್ಬೊಬ್ಬರಿಗೂ ಬೇರೆ ಟ್ರೇಸಿಂಗ್ ಹಾಳೆ. ಹಿಂದಿನವರು ಬರೆದದ್ದು ಕಂಡರೆ ಹೊಸಬರು ಅದಕ್ಕೆ ತಲೆಯಾಡಿಸಿ ಸುಮ್ಮನಾಗುತ್ತಾರೆ. ಫೋಟೊ ಮೂರನೆಯದು. ಕೈಕಾಲು ಗಟ್ಟಿ ಇದ್ದವರಾದರೆ ಕೊನೆಗೆ ಬೀದಿಗೇ ಕರೆದುಕೊಂಡು ಹೋಗಿ. ಕುರ್ಚಿಯಲ್ಲಿ ಕೂತು ಮರೆತದ್ದು ತಿರುವಿನಲ್ಲಿ ನಿಂತಾಗ ನೆನಪಾಗುತ್ತದೆ.

ಇಸವಿ ಬೇಕೇ ಬೇಕಾದರೆ ಬಳಸುದಾರಿಯಲ್ಲಿ ಕೇಳಿ. ‘ಆಗ ನೀವು ಯಾವ ಕ್ಲಾಸು?’ ‘ಮದುವೆಗೆ ಮುಂಚೇನಾ, ಆಮೇಲಾ?’ ‘ಮೊದಲನೇ ಮಗು ಹುಟ್ಟಿತ್ತಾ?’ ಈ ತಾರೀಖುಗಳಿಗೆ ದಾಖಲೆ ಇರುತ್ತದೆ, ಕಟ್ಟಡ ಅದರ ಹಿಂದೋ ಮುಂದೋ ಕೂರುತ್ತದೆ. ‘ಇಪ್ಪತ್ತೈದು ವರ್ಷ ಆಗಿರಬಹುದು’ ಎಂಬಂಥ ಮಾತನ್ನು ಹಾಗೇ ಬರೆದುಕೊಳ್ಳಬೇಡಿ. ಬಹಳ ಹಿಂದಿನ ಘಟನೆಯನ್ನು ನಾವೆಲ್ಲ ಇದ್ದದ್ದಕ್ಕಿಂತ ಹತ್ತಿರಕ್ಕೆ ಎಳೆದುಕೊಳ್ಳುತ್ತೇವೆ, ಅದು ಇನ್ನೂ ಹಿಂದಿನದಿರುವ ಸಾಧ್ಯತೆಯೇ ಜಾಸ್ತಿ. ಕಟ್ಟಡ ‘ಹೋಯಿತು’ ಎಂದರೂ ಯಾವ ಹೋಗುವಿಕೆ ಎಂದು ಕೇಳಬೇಕು: ಬಾಗಿಲು ಹಾಕಿದ್ದೇ, ಮಾಡು ಕುಸಿದದ್ದೇ, ನೆಲಸಮ ಮಾಡಿದ್ದೇ? ಮೂರರ ನಡುವೆ ಹತ್ತಾರು ವರ್ಷ ಅಂತರ ಇರಬಹುದು, ಹೆಚ್ಚಿನವರ ನೆನಪಿನಲ್ಲಿ ಉಳಿಯುವುದು ಬಾಗಿಲು ಹಾಕಿದ ದಿನ.

ಅಳತೆಯೂ ಹಾಗೆಯೇ. ಮಗುವಾಗಿದ್ದಾಗ ನೋಡಿದ ಕಂಬ ನೆನಪಿನಲ್ಲಿ ಮಗುವಿನ ಎತ್ತರದಿಂದಲೇ ಕಾಣುತ್ತದೆ. ‘ಎಷ್ಟು ದೊಡ್ಡದು’ ಎಂದು ಕೇಳಬೇಡಿ, ಎಣಿಸಬಹುದಾದದ್ದನ್ನು ಕೇಳಿ: ಎಷ್ಟು ಕಂಬ, ಬೀದಿಗೆ ಎಷ್ಟು ಬಾಗಿಲು, ಬಾಗಿಲು ಒಳಕ್ಕೆ ತೆರೆಯುತ್ತಿತ್ತೋ ಮಡಚುತ್ತಿತ್ತೋ. ಎಡ–ಬಲ ಎಂದರೆ ಯಾವ ಕಡೆಯಿಂದ ಬರುವಾಗ ಎಂಬುದನ್ನು ಪ್ರತಿ ಸಲ ಜೋರಾಗಿ ಹೇಳಿಸಿಕೊಳ್ಳಿ. ಇಬ್ಬರು ಹಟ ಹಿಡಿದು ಒಬ್ಬರು ಎಡ, ಒಬ್ಬರು ಬಲ ಎಂದರೆ ಯಾರದೋ ತಪ್ಪು ಎಂದು ತೀರ್ಮಾನಿಸುವ ಮುಂಚೆ ಅದೇ ಹೆಸರಿನ ಅಂಗಡಿ ನಡುವೆ ಒಮ್ಮೆ ರಸ್ತೆಯ ಆಚೆಗೆ ಜಾಗ ಬದಲಿಸಿತ್ತೇ ನೋಡಿ. ಇಂಥ ಜಗಳಗಳಲ್ಲಿ ಎಷ್ಟೋ ಸಲ ಇಬ್ಬರದೂ ಸರಿ ಇರುತ್ತದೆ, ವರ್ಷ ಮಾತ್ರ ಬೇರೆ.

ಧ್ವನಿಮುದ್ರಣಕ್ಕೆ ಫೋನೂ ಸಾಕು, ಆದರೆ ಕಡತ ಧ್ವನಿಯನ್ನು ಕುಗ್ಗಿಸದೆ ಉಳಿಸುವ ವೇವ್ ರೂಪದಲ್ಲಿರಲಿ: 48 ಕಿಲೋಹರ್ಟ್ಸ್, 24 ಬಿಟ್, ಮೋನೊ. ಗಂಟೆಗೆ ಸುಮಾರು ಅರ್ಧ ಜಿಬಿ ಬೇಕು. ಮೈಕು ಬಾಯಿಯಿಂದ ಒಂದು ಗೇಣು ದೂರ, ಮೇಜಿನ ಮೇಲಾದರೆ ಕೆಳಗೆ ಮಡಚಿದ ಬಟ್ಟೆ. ಫ್ಯಾನ್ ನಿಲ್ಲಿಸಿ. ಎಲ್ಲರೂ ಮರೆಯುವ ಸಂಗತಿ ಒಂದಿದೆ: ನಕ್ಷೆ ತೋರಿಸಿ ‘ಇಲ್ಲಿತ್ತು ನೋಡಿ, ಅದರಾಚೆ ಇದು’ ಎಂದದ್ದು ಧ್ವನಿಯಲ್ಲಿ ಏನೂ ಅಲ್ಲ. ಬೆರಳು ಇಟ್ಟ ಕಡೆಯೆಲ್ಲ ನೀವೇ ಒಂದು ಸಂಖ್ಯೆ ಬರೆದು ‘ಏಳನೇ ಗುರುತು, ಅಲ್ವಾ?’ ಎಂದು ಬಾಯಿಬಿಟ್ಟು ಹೇಳಿ. ಧ್ವನಿಮುದ್ರಣಕ್ಕೆ ಒಪ್ಪಿಗೆ, ಪ್ರಕಟಣೆಗೆ ಒಪ್ಪಿಗೆ ಎರಡನ್ನೂ ಬೇರೆಬೇರೆಯಾಗಿ ಕೇಳಿ ಧ್ವನಿಮುದ್ರಣದ ಆರಂಭದಲ್ಲೇ ದಾಖಲಿಸಿ. ಮೊದಲನೆಯದಕ್ಕೆ ಹೂಂ ಎಂದವರು ಎರಡನೆಯದಕ್ಕೆ ಬೇಡ ಎನ್ನಬಹುದು, ಅದು ಅವರ ಹಕ್ಕು.

ಹಳೇ ನಕ್ಷೆಯನ್ನು ಹೊಸದರ ಮೇಲೆ ಕೂರಿಸುವುದು

ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಇದಕ್ಕೆಂದೇ ಜಿಯೋರೆಫರೆನ್ಸರ್ ಇದೆ. ಸ್ಕ್ಯಾನ್ ಮಾಡಿದ ಹಳೇ ನಕ್ಷೆಯ ಒಂದು ಬಿಂದುವನ್ನೂ ಈಗಿನ ನಕ್ಷೆಯ ಅದೇ ಬಿಂದುವನ್ನೂ ಜೋಡಿಸುತ್ತ ಹೋಗಬೇಕು. ಮೊದಲ ದರ್ಜೆಯ ಪರಿವರ್ತನೆಗೆ (ನಕ್ಷೆಯನ್ನು ಬಾಗಿಸದೆ ಸರಿಸಿ, ತಿರುಗಿಸಿ, ಹಿಗ್ಗಿಸಿ ಕೂರಿಸುವುದು) ಕನಿಷ್ಠ ಮೂರು ಬಿಂದು, ಬಾಗಿಸಲೂ ಬರುವ ಎರಡನೆಯದಕ್ಕೆ ಆರು. ಆದರೆ ಕನಿಷ್ಠವೇ ಇಟ್ಟರೆ ಹೊಂದಾಣಿಕೆ ತಪ್ಪಿದ್ದು ಗೊತ್ತೇ ಆಗುವುದಿಲ್ಲ, ಲೆಕ್ಕ ಯಾವಾಗಲೂ ಸೊನ್ನೆ ದೋಷ ತೋರಿಸುತ್ತದೆ. ಹತ್ತು ಹನ್ನೆರಡು ಬಿಂದು ಇಡಿ, ನಾಲ್ಕೂ ಅಂಚಿಗೆ ಹರಡಿ.

ಬಿಂದುವಿಗೆ ರಸ್ತೆ ಕೂಡುವ ಜಾಗದ ನಡುಮಧ್ಯವನ್ನು ಆರಿಸುವುದು ಮಾಮೂಲಿ ತಪ್ಪು. ರಸ್ತೆ ಒಂದೇ ಪಕ್ಕಕ್ಕೆ ಅಗಲವಾಗಿದ್ದರೆ ನಡುಮಧ್ಯವೇ ಜರುಗಿರುತ್ತದೆ. ಉಳಿದಿರುವ ಕಟ್ಟಡದ ಮೂಲೆ, ಸೇತುವೆಯ ದಡದ ಕಟ್ಟೆ, ಗೋಪುರದ ಬುಡ ಇವು ನಂಬಿಕಸ್ಥ. ಒಂದು ಬಿಂದುವಿನ ದೋಷ ಮಾತ್ರ ಉಳಿದವುಗಳ ಮೂರುನಾಲ್ಕು ಪಟ್ಟು ಬಂದರೆ ಅದನ್ನು ಅಳಿಸುವ ಮುಂಚೆ ಅಲ್ಲಿ ಕಾಗದ ಮಡಚಿದ ಗೆರೆ ಇದೆಯೇ ನೋಡಿ. ಹಳೇ ಕಾಗದ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಮ ಕುಗ್ಗಿರುವುದಿಲ್ಲ. ನಿಖರತೆಗೂ ಮಿತಿಯಿದೆ. 1:5000 ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ ಎರಡೂವರೆ ಮೀಟರ್. ಅದಕ್ಕಿಂತ ಸೂಕ್ಷ್ಮವಾದ ತೀರ್ಮಾನವನ್ನು ಆ ನಕ್ಷೆಯಿಂದ ಎಳೆಯಬೇಡಿ.

ನಕ್ಷೆಯ ಮೇಲಿನ ಇಸವಿಯನ್ನು ಪೂರ್ತಿ ನಂಬುವಂತಿಲ್ಲ. ಅಮೆರಿಕದ ನಗರಗಳಿಗೆ ಸ್ಯಾನ್‌ಬಾರ್ನ್ ಕಂಪನಿ ಬೆಂಕಿ ವಿಮೆಗೆಂದು ಮಾಡಿದ ನಕ್ಷೆಗಳು ಈ ಕೆಲಸಕ್ಕೆ ಚಿನ್ನ: ಇಂಚಿಗೆ 50 ಅಡಿ, ಇಟ್ಟಿಗೆಗೆ ಗುಲಾಬಿ, ಮರಕ್ಕೆ ಹಳದಿ, ಕಲ್ಲಿಗೆ ನೀಲಿ. ಆದರೆ ಹೊಸ ಕಟ್ಟಡ ಬಂದಾಗ ಕಂಪನಿ ಹೊಸ ಸಂಪುಟದ ಬದಲು ತಿದ್ದುಪಡಿ ಚೀಟಿಗಳನ್ನು ಕಳಿಸಿ ಹಳೇ ಹಾಳೆಯ ಮೇಲೇ ಅಂಟಿಸುತ್ತಿತ್ತು. ಹಾಗಾಗಿ ಮುಖಪುಟದಲ್ಲಿ ಹಳೇ ಇಸವಿಯಿರುವ ಸಂಪುಟದೊಳಗೆ ಎಷ್ಟೋ ವರ್ಷ ಆಮೇಲಿನ ಕಟ್ಟಡ ಕೂತಿರಬಹುದು. ಸ್ಕ್ಯಾನಿನಲ್ಲಿ ಚೀಟಿಯ ಅಂಚಿನ ಸಣ್ಣ ನೆರಳು ಹುಡುಕಿ. ಮಿಕ್ಕ ಕಡೆಗಳ ನಕ್ಷೆಗಳಲ್ಲೂ ‘ಪರಿಷ್ಕೃತ’ ಎಂದರೆ ಏನೇನು ಪರಿಷ್ಕರಿಸಿದರು ಎಂದು ಅಂಚಿನ ಟಿಪ್ಪಣಿ ಓದಿ. ಬರೀ ರೈಲು ಹಳಿಯನ್ನಷ್ಟೇ ಹೊಸದಾಗಿ ಸೇರಿಸಿರಬಹುದು.

ನಕ್ಷೆಗಳ ನಡುವಿನ ಖಾಲಿ ಜಾಗಕ್ಕೆ ಕೊರೋನ ಬೇಹುಗಾರಿಕೆ ಉಪಗ್ರಹದ ಚಿತ್ರಗಳಿವೆ. 1960ರಿಂದ 1972ರವರೆಗೆ ತೆಗೆದವು, 1995ರಲ್ಲಿ ಅಮೆರಿಕ ಗುಟ್ಟು ಬಿಚ್ಚಿತು. ಅಲ್ಲಿನ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯ ಅರ್ತ್‌ಎಕ್ಸ್‌ಪ್ಲೋರರ್ ತಾಣದಲ್ಲಿ ಹುಡುಕಬಹುದು. ಚೆನ್ನಾಗಿ ಬಂದವುಗಳಲ್ಲಿ ಸುಮಾರು ಎರಡು ಮೀಟರಿನ ವಿವರ ಸಿಗುತ್ತದೆ. ಮನೆ ಗುರುತಿಸಲು ಕಷ್ಟ, ದೊಡ್ಡ ಕಟ್ಟಡ, ಮೈದಾನ, ಕೆರೆಗಳಿಗೆ ಸಾಕು.

ಬೀದಿವಾರು ವಿಳಾಸ ಪುಸ್ತಕಗಳು ಸಿಕ್ಕರೆ ವರ್ಷ ಕೂರಿಸುವುದು ಸಲೀಸು. 1925ರ ಪುಸ್ತಕದ ಮಾಹಿತಿ ಕಲೆಹಾಕಿದ್ದು ಬಹುತೇಕ 1924ರಲ್ಲಿ ಎಂಬುದು ನೆನಪಿರಲಿ. ಮನೆ ನಂಬರುಗಳೂ ಬದಲಾಗುತ್ತವೆ. ಶಿಕಾಗೊ 1909ರಲ್ಲಿ ನಗರದ ಬಹುಪಾಲು ಮನೆಗಳಿಗೆ ಹೊಸ ನಂಬರು ಕೊಟ್ಟಿತು, ಅದಕ್ಕೆ ಮುಂಚಿನ ವಿಳಾಸ ಹಿಡಿದು ಈಗ ಹೋದರೆ ಬೇರೆಲ್ಲೋ ನಿಲ್ಲುತ್ತೀರಿ. ಹಳೇ ನಂಬರು, ಹೊಸ ನಂಬರು ಎರಡಕ್ಕೂ ಅಂಕಣವಿರುವ ಪಟ್ಟಿಯನ್ನು ಮೊದಲ ದಿನವೇ ಶುರುಮಾಡಿ.

ಫೋಟೊ ಓದುವುದು

ಮುದ್ರಿತ ಫೋಟೊವನ್ನು 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕಿ), ಅಂಗೈಗಿಂತ ಚಿಕ್ಕದಿದ್ದರೆ 1200ರಲ್ಲಿ, 35 ಮಿಲಿಮೀಟರ್ ನೆಗೆಟಿವನ್ನು 3000ದಿಂದ 4000ದಲ್ಲಿ ಸ್ಕ್ಯಾನ್ ಮಾಡಿ, ವಿವರ ಕಳೆಯದ ಟಿಫ್ ಕಡತವಾಗಿ ಉಳಿಸಿ. ಹಿಂಬದಿಯನ್ನೂ ಮಾಡಿ, ಎಷ್ಟೋ ಸಲ ಮುಂಬದಿಗಿಂತ ಅದೇ ಬೆಲೆಬಾಳುತ್ತದೆ. ಪೋಸ್ಟ್‌ಕಾರ್ಡಾದರೆ ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ. ಸಾಲುಸಾಲು ಚುಕ್ಕಿ ಕಂಡರೆ ಅದು ಅಚ್ಚುಯಂತ್ರದ್ದು, ಎಷ್ಟು ಹಿಗ್ಗಿಸಿದರೂ ಚುಕ್ಕಿಯೇ ಹಿಗ್ಗುತ್ತದೆ. ಚುಕ್ಕಿ ಇಲ್ಲದೆ ಬಣ್ಣ ನುಣ್ಣಗೆ ಕರಗುತ್ತಿದ್ದರೆ ಅದು ನಿಜವಾದ ಫೋಟೊ ಕಾಗದ, ಅಂಗಡಿಯ ಫಲಕದ ಅಕ್ಷರವೂ ಓದಲು ಸಿಗಬಹುದು. ಅಂಚೆ ಮುದ್ರೆಯ ತಾರೀಖು ಚಿತ್ರ ತೆಗೆದ ತಾರೀಖಲ್ಲ. ‘ಇದಕ್ಕಿಂತ ಮುಂಚೆ’ ಎಂದಷ್ಟೇ ಹೇಳುತ್ತದೆ. ಒಂದೇ ಚಿತ್ರವನ್ನು ವರ್ಷಗಟ್ಟಲೆ ಮತ್ತೆಮತ್ತೆ ಅಚ್ಚುಹಾಕುತ್ತಿದ್ದರು. ಹಿಂಬದಿಯನ್ನು ಎರಡು ಭಾಗ ಮಾಡಿ ವಿಳಾಸಕ್ಕೂ ಒಕ್ಕಣೆಗೂ ಜಾಗ ಕೊಟ್ಟ ಕಾರ್ಡುಗಳು ಬ್ರಿಟನ್ನಿನಲ್ಲಿ 1902ರಿಂದ, ಅಮೆರಿಕದಲ್ಲಿ 1907ರಿಂದ. ಅದು ‘ಈ ಕಾರ್ಡು ಅಚ್ಚಾದದ್ದು ಇದರ ಆಮೇಲೆ’ ಎಂಬುದಕ್ಕೆ ಆಧಾರ. ಕಾರ್ಡುಗಳಲ್ಲಿ ತಂತಿ ಅಳಿಸುವುದು, ಜನರನ್ನು ಸೇರಿಸುವುದು ಮಾಮೂಲಾಗಿತ್ತು ಎಂಬುದೂ ಗೊತ್ತಿರಲಿ.

ಕನ್ನಡಿಯ ಹಾಗೆ ತಿರುಗಿದ ಫೋಟೊ ಇಡೀ ನಕ್ಷೆಯನ್ನು ಹಾಳುಮಾಡಬಲ್ಲದು. ಫಲಕದ ಅಕ್ಷರ, ಗಂಡಸರ ಕೋಟಿನ ಗುಂಡಿ, ವಾಹನಗಳು ಚಲಿಸುವ ಪಕ್ಕ ನೋಡಿ. 1838ರ ಸುಮಾರಿಗೆ ಛಾಯಾಗ್ರಹಣದ ಮೊದಲಿಗರಲ್ಲೊಬ್ಬನಾದ ಡಗೇರ್ ಪ್ಯಾರಿಸ್ಸಿನ ಬುಲೆವಾರ್ ದ್ಯು ತಾಂಪ್ಲ್ ರಸ್ತೆಯನ್ನು ತೆಗೆದ ಪ್ರಸಿದ್ಧ ಚಿತ್ರವೇ ಎಡಬಲ ತಿರುಗಿದೆ. ಅದರಲ್ಲಿ ಇನ್ನೊಂದು ಪಾಠವೂ ಇದೆ: ಜನ ಓಡಾಡುತ್ತಿದ್ದ ರಸ್ತೆ ಬಿಕೋ ಎನ್ನುತ್ತದೆ, ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತಿದ್ದ ಒಬ್ಬ ಮಾತ್ರ ಸ್ಪಷ್ಟವಾಗಿ ಕಾಣುತ್ತಾನೆ. ಬೆಳಕು ಹಿಡಿಯಲು ನಿಮಿಷಗಟ್ಟಲೆ ಬೇಕಾಗಿ, ಚಲಿಸಿದ್ದೆಲ್ಲ ಮಾಯವಾಗಿತ್ತು. ಹತ್ತೊಂಬತ್ತನೇ ಶತಮಾನದ ಫೋಟೊ ಹಿಡಿದು ‘ಆಗ ಬೀದಿ ನಿರ್ಜನವಾಗಿತ್ತು’ ಎಂದು ಬರೆಯುವುದು ಬೇಡ.

ನೆರಳಿನಿಂದ ದಿಕ್ಕು, ಹೊತ್ತು ಹೇಳಬಹುದು, ಆದರೆ ಉಷ್ಣವಲಯದೊಳಗಿನ ಊರುಗಳಲ್ಲಿ ಹುಷಾರು. ವರ್ಷದ ಒಂದಷ್ಟು ಕಾಲ ಅಲ್ಲಿ ಮಧ್ಯಾಹ್ನದ ಸೂರ್ಯ ತಲೆಯನ್ನು ದಾಟಿ ಆಚೆ ದಿಕ್ಕಿಗೆ ಹೋಗಿರುತ್ತಾನೆ, ನೆರಳು ತಿರುವುಮುರುವಾಗುತ್ತದೆ. ಎತ್ತರ ತಿಳಿಯಲು ಇಟ್ಟಿಗೆ ವರಸೆ (ಅಡ್ಡಸಾಲು) ಎಣಿಸುವುದು ಹೆಚ್ಚು ಭದ್ರ. ಅದೇ ಕಾಲದ ಉಳಿದ ಕಟ್ಟಡ ಒಂದರಲ್ಲಿ ಹತ್ತು ವರಸೆಯನ್ನು ಗಾರೆ ಸಮೇತ ಟೇಪು ಹಿಡಿದು ಅಳೆದು ಹತ್ತರಿಂದ ಭಾಗಿಸಿ, ಫೋಟೊದಲ್ಲಿ ಎಣಿಸಿದ ಸಂಖ್ಯೆಗೆ ಗುಣಿಸಿ.

ಅದೇ ಜಾಗದಿಂದ ಮತ್ತೆ ಫೋಟೊ ತೆಗೆಯುವುದು ಹಳೇ ಕಟ್ಟಡವನ್ನು ನೆಲದ ಮೇಲೆ ಕೂರಿಸಲು ಒಳ್ಳೇ ಉಪಾಯ. ಉಳಿದಿರುವ ಎರಡು ವಸ್ತುಗಳನ್ನು ಆರಿಸಿ, ಒಂದು ಹತ್ತಿರದ್ದು, ಇನ್ನೊಂದು ದೂರದ್ದು: ಕಿಟಕಿಯ ಅಂಚು, ಅದರ ಹಿಂದೆ ಗೋಪುರದ ತುದಿ. ಹಳೇ ಚಿತ್ರದಲ್ಲಿ ಅವೆರಡು ಹೇಗೆ ಒಂದರ ಹಿಂದೆ ಒಂದು ಬಂದಿವೆಯೋ ಹಾಗೆ ಬರುವವರೆಗೆ ಪಕ್ಕಕ್ಕೆ ಸರಿಯಿರಿ. ಆಮೇಲೆ ಅವುಗಳ ಗಾತ್ರದ ಅನುಪಾತ ಕೂಡುವವರೆಗೆ ಹಿಂದೆ ಮುಂದೆ. ಜೂಮ್ ಕೊನೆಗೆ, ಅದು ಚೌಕಟ್ಟನ್ನು ಬದಲಿಸುತ್ತದೆ, ನೋಟವನ್ನಲ್ಲ. ಎಷ್ಟು ಸರಿದರೂ ಕೂಡದಿದ್ದರೆ ಕುಗ್ಗಿ ನೋಡಿ: ಪೆಟ್ಟಿಗೆ ಕ್ಯಾಮೆರಾಗಳನ್ನು ಸೊಂಟದ ಮಟ್ಟದಲ್ಲಿ ಹಿಡಿಯುತ್ತಿದ್ದರು. ಕಟ್ಟಡದ ತುದಿ ಹಿಡಿಯಲು ಫೋನನ್ನು ಮೇಲಕ್ಕೆ ವಾಲಿಸಬೇಡಿ, ಗೋಡೆಗಳು ಹಿಂದಕ್ಕೆ ಬಿದ್ದಂತೆ ಬರುತ್ತವೆ. ನೆಟ್ಟಗೆ ಹಿಡಿದು ಅಗಲವಾಗಿ ತೆಗೆದು ಕೆಳಭಾಗ ಕತ್ತರಿಸಿ.

ಗೋಡೆ, ಹೊಸ್ತಿಲು, ಕಲ್ಲು

ನೆಲ ನೋಡದೆ ನಕ್ಷೆ ಮುಗಿಸಬಾರದು. ಕೆಡವಿದ ಕಟ್ಟಡ ಪಕ್ಕದ ಗೋಡೆಯ ಮೇಲೆ ತನ್ನ ಗುರುತು ಬಿಟ್ಟಿರುತ್ತದೆ: ಮಾಡಿನ ಓರೆಗೆರೆ, ಮಹಡಿ ತೊಲೆ ಕೂರಿಸಿದ ತೂತುಗಳ ಸಾಲು, ಸುಣ್ಣದ ಬೇರೆ ಬಣ್ಣದ ಚೌಕ. ತೂತುಗಳ ಸಾಲಿನಿಂದ ಮಹಡಿಯ ಎತ್ತರ ನೇರವಾಗಿ ಅಳೆಯಬಹುದು. ಸಾಲಿನಲ್ಲಿ ಒಂದೇ ಕಟ್ಟಡ ರಸ್ತೆಗೆ ಮುಂದೆ ಚಾಚಿದ್ದರೆ ಹಳೇ ಬೀದಿಯ ಅಂಚು ಅದೇ ಇರಬಹುದು, ಮಿಕ್ಕವು ರಸ್ತೆ ಅಗಲವಾದ ಮೇಲೆ ಹಿಂದೆ ಸರಿದವು. ಹೊಸ್ತಿಲು ರಸ್ತೆಗಿಂತ ಕೆಳಗಿದ್ದರೆ ಪದರದ ಮೇಲೆ ಪದರ ಡಾಂಬರು ಬಿದ್ದು ರಸ್ತೆ ಏರಿರುತ್ತದೆ. ಹಳೇ ಫೋಟೊದ ಮೆಟ್ಟಿಲು ಎಣಿಸಿ ಎಷ್ಟು ಏರಿತು ಎಂದು ಹೇಳಬಹುದು. ಪಾದಚಾರಿ ದಾರಿಯ ಅಂಚುಕಲ್ಲು ಕಾರಣವಿಲ್ಲದೆ ತಗ್ಗಿದ ಜಾಗದಲ್ಲಿ ಹಿಂದೆ ಗಾಡಿ ಹೋಗುವ ಗೇಟಿತ್ತೇ ಕೇಳಿ ನೋಡಿ. ಗೋಡೆಯ ಮೇಲೆ ಎತ್ತರದಲ್ಲಿ ಒಂಟಿ ಕಬ್ಬಿಣದ ಬಳೆಯಿದ್ದರೆ ಅದು ಟ್ರಾಮ್ ತಂತಿಯನ್ನು ಎಳೆದು ಕಟ್ಟಿದ್ದಿರಬಹುದು.

ಕಟ್ಟಡ ಹೋದರೂ ಹಿಡುವಳಿಯ ಗೆರೆ ಹೋಗುವುದು ನಿಧಾನ. ರೋಮಿನ ಪಿಯಾತ್ಸಾ ನವೋನ ಎಂಬ ಚೌಕ ಇವತ್ತಿಗೂ ಮೊದಲನೇ ಶತಮಾನದ ದೊಮಿಷಿಯನ್ ಕ್ರೀಡಾಂಗಣದ ಉದ್ದನೆಯ ಆಕಾರದಲ್ಲೇ ಇದೆ. ನಿಮ್ಮ ಬೀದಿಯಲ್ಲೂ ಕಾರಣವಿಲ್ಲದ ಬಾಗು, ಓರೆಯಾಗಿ ಕತ್ತರಿಸಿದ ನಿವೇಶನ ಕಂಡರೆ ಅಲ್ಲಿ ಹಿಂದೆ ಕಾಲುವೆಯೋ ಹಳಿಯೋ ಇತ್ತೇ ಎಂದು ಹಳೇ ನಕ್ಷೆಯಲ್ಲಿ ಹುಡುಕಿ. ಬಿಡಿಭಾಗಗಳ ಬೆನ್ನೂ ಹತ್ತಿ. 1963ರಲ್ಲಿ ಕೆಡವಲು ಶುರುಮಾಡಿದ ನ್ಯೂಯಾರ್ಕಿನ ಪೆನ್ ಸ್ಟೇಷನ್ ಎಂಬ ರೈಲು ನಿಲ್ದಾಣದ ಕಲ್ಲಿನ ಹದ್ದುಗಳು ಬೇರೆಬೇರೆ ಊರು ಸೇರಿದವು. ಹಳೇ ಬಾಗಿಲು, ಕಂಬಗಳು ಮಾರಾಟವಾಗಿ ಯಾರದೋ ಮನೆಯಲ್ಲಿರುತ್ತವೆ, ಅಲ್ಲಿಗೆ ಹೋಗಿ ಅಳೆದರೆ ಫೋಟೊಗೆ ಅಳತೆಗೋಲು ಸಿಕ್ಕಂತೆ.

ಒಟ್ಟು ಸೇರಿಸುವಾಗ

ಪ್ರತಿ ಕಟ್ಟಡಕ್ಕೂ ಒಂದು ದರ್ಜೆ ಕೊಡಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾಖಲೆ ಇದ್ದರೆ ತುಂಬುಗೆರೆ. ಒಂದು ದಾಖಲೆ, ಒಂದು ನೆನಪು ಇದ್ದರೆ ಮುರಿಗೆರೆ. ಬರೀ ನೆನಪಾದರೆ ಚುಕ್ಕಿಗೆರೆ, ಎಷ್ಟು ಜನರದ್ದೆಂದು ಪಕ್ಕದಲ್ಲಿ ಸಂಖ್ಯೆ. ಒಂದೇ ಮನೆಯ ಅಣ್ಣತಮ್ಮಂದಿರನ್ನು ಒಬ್ಬರೆಂದೇ ಎಣಿಸಿ, ಅವರು ಆ ಮಾತನ್ನು ಮನೆಯಲ್ಲಿ ನೂರು ಸಲ ಆಡಿಕೊಂಡಿರುತ್ತಾರೆ. ಇಸವಿಯ ಮುಂದೆ ಅಂದಾಜಿಗೆ 1962~, ಅನುಮಾನಕ್ಕೆ 1962? ಎಂದು ಬರೆಯುವ ಪದ್ಧತಿಯಿದೆ, ಅದನ್ನೇ ಹಿಡಿಯಿರಿ. ಜನ ಬಳಸುತ್ತಿದ್ದ ಅಡ್ಡಹೆಸರುಗಳನ್ನು ತಿದ್ದದೆ ಅಧಿಕೃತ ಹೆಸರಿನ ಪಕ್ಕದಲ್ಲೇ ಇಡಿ, ಹುಡುಕುವವರು ಅದರಿಂದಲೇ ಹುಡುಕುತ್ತಾರೆ.

ಚೆಂದಕ್ಕೆ ತುಂಬಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ. ಎರಡನೇ ಮಹಾಯುದ್ಧದಲ್ಲಿ ನೆಲಸಮವಾದ ವಾರ್ಸಾದ ಹಳೇ ನಗರವನ್ನು ಮತ್ತೆ ಕಟ್ಟುವಾಗ ಯುದ್ಧಕ್ಕೆ ಮುಂಚೆ ವಾಸ್ತುಶಿಲ್ಪ ವಿದ್ಯಾರ್ಥಿಗಳು ಅಳೆದು ಬರೆದ ನಕಾಶೆಗಳ ಜೊತೆಗೆ ಬೆಲೊತ್ತೊ ಎಂಬ ಹದಿನೆಂಟನೇ ಶತಮಾನದ ಚಿತ್ರಕಾರನ ವರ್ಣಚಿತ್ರಗಳನ್ನೂ ಇಟ್ಟುಕೊಂಡರು. ಅವನು ಕೆಲವೆಡೆ ಕಟ್ಟಡಗಳನ್ನು ಇದ್ದದ್ದಕ್ಕಿಂತ ಚೆಂದ ಮಾಡಿ ಬರೆದಿದ್ದ. ಅವನ ಕಲ್ಪನೆಯೂ ಕೆಲವು ಕಡೆ ಕಟ್ಟಡವಾಗಿ ನಿಂತಿತು. ಗೊತ್ತಿಲ್ಲದ ನಿವೇಶನ ನಿಮ್ಮ ನಕ್ಷೆಯಲ್ಲಿ ಬಿಳಿಯಾಗಿಯೇ ಇರಲಿ. ಅದನ್ನು ನೋಡಿದವರು ‘ಅಯ್ಯೋ, ಅಲ್ಲಿ ಇಂಥದ್ದಿತ್ತಲ್ಲ’ ಎಂದು ತಾವಾಗಿಯೇ ಬಂದು ಹೇಳುತ್ತಾರೆ. ತುಂಬಿಸಿದ ಜಾಗದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಹೊರಗೆ ಹಾಕುವ ಮುಂಚೆ ಈಗಲೂ ಜನ ವಾಸವಿರುವ ಮನೆಗಳ ಪೂರ್ತಿ ವಿಳಾಸ, ಫೋನಿನ ಫೋಟೊಗಳೊಳಗಿನ ಸ್ಥಳದ ಮಾಹಿತಿ ತೆಗೆದುಹಾಕಿ. ಒಡೆತನದ ವ್ಯಾಜ್ಯವಿರುವ ಜಾಗವಾದರೆ ಯಾರದ್ದಾಗಿತ್ತು ಎಂಬ ನೆನಪಿನ ಮಾತನ್ನು ಪ್ರಕಟಿಸಬೇಡಿ, ಅದನ್ನು ಯಾರಾದರೂ ಕೋರ್ಟಿಗೆ ಎಳೆದಾರು. ಮೂಲ ಧ್ವನಿ, ಟ್ರೇಸಿಂಗ್ ಹಾಳೆ, ಟಿಫ್ ಕಡತಗಳಿಗೆ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ನಕ್ಷೆಯ ಮೂಲೆಯಲ್ಲಿ ಆವೃತ್ತಿ ಸಂಖ್ಯೆ, ತಾರೀಖು ಇರಲಿ. ತಿದ್ದುಪಡಿ ಬಂದಾಗ ಹೊಸ ಆವೃತ್ತಿ ಹಾಕಿ ಏನು ಬದಲಾಯಿತು, ಯಾವ ಆಧಾರದ ಮೇಲೆ ಎಂದು ಒಂದು ಸಾಲು ಬರೆಯಿರಿ. ಹಳೇ ಆವೃತ್ತಿಯನ್ನು ಅಳಿಸಬೇಡಿ, ಅಷ್ಟರಲ್ಲಿ ಯಾರೋ ಅದನ್ನು ಆಧಾರವಾಗಿ ಬಳಸಿರುತ್ತಾರೆ.